ಕಾಳಿಂಗ, ವಾಲ್ರಸ್, ಹದ್ದು: ಅಮ್ಮನ ಜತೆ ಮೂರು ಭಾನುವಾರ

ಅಮ್ಮ ಸಕಲೇಶಪುರದ ಕಡೆಯವರು. ಕಾಫಿ ತೋಟಕ್ಕೆ ಆನೆ ಇಳಿದಾಗ ಪಟಾಕಿ ಹೊಡೆದು ರಾತ್ರಿ ಕಳೆದವರು. ವನ್ಯಜೀವಿ ಚಿತ್ರಗಳನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆಲ್ಲಿ ಸಿಗಬೇಕು? ಜತೆಗೆ ಅಕ್ಕನ ಹತ್ತು ವರ್ಷದ ಮಗನೂ ಕುಳಿತ.

ಮೊದಲು 'ವೈಲ್ಡ್ ಕರ್ನಾಟಕ', ರಿಷಬ್ ಶೆಟ್ಟಿಯವರ ಕನ್ನಡ ನಿರೂಪಣೆಯಲ್ಲಿ. ಕಾಳಿಂಗ ಸರ್ಪ ಬಂದಾಗ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಮ್ಮನ ಕೈ ನಿಂತಿತು. ಕಣ್ಣಿಗೆ ಹಬ್ಬ, ಸಂಶಯವಿಲ್ಲ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಇಷ್ಟೆಲ್ಲ ಆನೆ ತೋರಿಸಿದರು, ತೋಟ ಎಲ್ಲಿ?"

ಮನುಷ್ಯರ ಮಾತೆತ್ತಲು ಚಿತ್ರಕ್ಕೆ ಸಂಕೋಚ. 2019ರ 'ಅವರ್ ಪ್ಲಾನೆಟ್' ಸರಣಿಗೆ ಆ ಸಂಕೋಚವಿಲ್ಲ. ಅದರ ಎರಡನೆಯ ಕಂತಿನಲ್ಲಿ, ರಷ್ಯಾದ ಕಡಲ ತೀರದಲ್ಲಿ, ಬಂಡೆ ಹತ್ತಿದ ವಾಲ್ರಸ್‌ಗಳು ಒಂದೊಂದಾಗಿ ಕೆಳಗುರುಳಿ ಸಾಯುತ್ತವೆ. ಸಮುದ್ರದ ಮಂಜುಗಡ್ಡೆ ಕರಗಿದ್ದೇ ಕಾರಣ ಎನ್ನುತ್ತದೆ ನಿರೂಪಣೆ. ಹಿಮಕರಡಿಗಳು ಬೆದರಿಸಿದ್ದರಿಂದ ಬಿದ್ದವು ಎಂದು ಆಮೇಲೆ ಕೆಲವರು ತಕರಾರು ತೆಗೆದರು. ಅಮ್ಮ ಮುಖ ತಿರುಗಿಸಿದರು. ಹುಡುಗ "ಕ್ಯಾಮೆರಾದವರು ಏಕೆ ತಡೆಯಲಿಲ್ಲ?" ಎಂದ. ನಾನು ಕಾಫಿ ಮಾಡಲು ಎದ್ದೆ. ದುಃಖವೇನೋ ದೊಡ್ಡದೇ, ಆದರೆ ಅದನ್ನು ಹಿಡಿಯಲು ಹಿಡಿಕೆಯೇ ಇಲ್ಲ.

ನನ್ನ ಓಟು ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' ಚಿತ್ರಕ್ಕೆ (2022). ಶುರುವಾಗುವುದೇ ದೆಹಲಿಯ ಕಸದ ನಡುವೆ ಓಡಾಡುವ ಇಲಿಗಳಿಂದ. ಹುಲಿ, ಜಲಪಾತ ಯಾವುದೂ ಇಲ್ಲ. ವಜೀರಾಬಾದಿನ ನೆಲಮಾಳಿಗೆಯಲ್ಲಿ ಸೋಪ್ ಡಿಸ್ಪೆನ್ಸರ್ ತಯಾರಿಸುವ ಅಣ್ಣತಮ್ಮಂದಿರು ಅಲ್ಲೇ ಗಾಯಗೊಂಡ ಹದ್ದುಗಳ ಶುಶ್ರೂಷೆ ಮಾಡುತ್ತಾರೆ. ಹದ್ದು ಮಾಂಸಾಹಾರಿ ಎಂದು ಪಕ್ಷಿ ಆಸ್ಪತ್ರೆಯೊಂದು ಸೇರಿಸಿಕೊಳ್ಳದಿದ್ದಾಗ ಆರಂಭವಾದ ಕೆಲಸವಿದು. ಹುಡುಗರಾಗಿದ್ದಾಗ ದೇಹದಾರ್ಢ್ಯ ಬೆಳೆಸುತ್ತಾ ಕಲಿತ ಸ್ನಾಯುಗಳ ತಿಳಿವಳಿಕೆಯೇ ಅವರ ಬಂಡವಾಳ. ಗಾಳಿ ಕೆಟ್ಟಿದೆ ಎಂದು ಯಾರೂ ಭಾಷಣ ಬಿಗಿಯುವುದಿಲ್ಲ. ಆಕಾಶದಿಂದ ಹದ್ದು ಬೀಳುತ್ತದೆ, ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಅಮ್ಮ ಹದ್ದುಗಳಿಗೆ ಹಾಕುವ ಮಾಂಸದ ಖರ್ಚು ಎಷ್ಟಾಗಬಹುದು ಎಂದು ಲೆಕ್ಕ ಹಾಕತೊಡಗಿದರು. ತೋಟ ಎಲ್ಲಿ ಎಂದು ಕೇಳಲಿಲ್ಲ.

ನಿಧಾನ ಮಾತ್ರ ವಿಪರೀತ. ಹುಡುಗ ಅರ್ಧ ಗಂಟೆಗೇ ನಿದ್ದೆಹೋದ. ಹದ್ದೊಂದು ಸಹಾಯಕನ ಕನ್ನಡಕ ಕಸಿದುಕೊಂಡು ಹಾರುವ ದೃಶ್ಯವನ್ನು ಮರುದಿನ ಅವನಿಗೆಂದೇ ಇನ್ನೊಮ್ಮೆ ಹಾಕಬೇಕಾಯಿತು.