ಪೊಸಡಿಗುಂಪೆ ಇಳಿಲಿಕ್ಕೆ ಹಿಂದಿನ ಶಾಕ್ ಗಟ್ಟಿ ಬೇಕಾ ಮೆತ್ತಗೆ ಬೇಕಾ

ಮೌಂಟನ್ ಬೈಕಿನ (ಗುಡ್ಡೆ ಹತ್ತಿಳಿಯುವ ಸೈಕಲಿನ) ಹಿಂದಿನ ಚಕ್ರದ ಶಾಕಿಗೆ, ಅಂದ್ರೆ ಗಾಳಿ ತುಂಬುವ ಶಾಕ್ ಅಬ್ಸಾರ್ಬರಿಗೆ, ಎಷ್ಟು ಗಾಳಿ ಹಾಕುದು ಅಂತ ಎರಡು ತಿಂಗಳು ತಲೆಕೆಡಿಸ್ಕೊಂಡು, ಕಡೆಗೆ ಮೊನ್ನೆ ಆದಿತ್ಯವಾರ ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡೆಗೆ ಹೋಗಿ ಒಂದೇ ಇಳಿಜಾರನ್ನ ಐದು ಸಲ ಇಳಿದು ನೋಡಿಯೇ ಬಿಟ್ಟೆ. ನಂದು 130 ಮಿಮೀ ಟ್ರಾವೆಲ್ಲಿನ (ಚಕ್ರ ಮೇಲೆ ಕೆಳಗೆ ಆಡುವ ದೂರ) ಬೈಕು, ಶಾಕಿನ ಸ್ಟ್ರೋಕ್ (ಶಾಕು ಕುಗ್ಗುವ ಉದ್ದ) 50 ಮಿಮೀ, ಬ್ಯಾಗು ನೀರು ಎಲ್ಲ ಸೇರಿ ನಾನು 74 ಕೆಜಿ. ಅಳತೆ ನೋಡ್ಲಿಕ್ಕೆ ಭಾವನನ್ನ ಎಳ್ಕೊಂಡು ಹೋಗಿದ್ದೆ, ಶಾಕ್ ಪಂಪಿನ ಮೀಟರು ಕಂಡದ್ದೇ "ಎಂತ ಭಾವ, ಸೈಕಲಿಗೂ ಬೀಪಿ ಉಂಟಾ?" ಅಂತ ಶುರುಮಾಡಿದ.

ಮೊದಲು ಗಾಳಿಯ ಒತ್ತಡ 180 ಪಿಎಸ್‌ಐ. ಕೂತಾಗ ಶಾಕು ಎಷ್ಟು ಕುಗ್ಗಿತು ಅಂತ ತೋರಿಸುವ ರಬ್ಬರ್ ರಿಂಗು 12.5 ಮಿಮೀ ಸರಿಯಿತು, ಅಂದ್ರೆ 25% ಸ್ಯಾಗ್ (ಬರೀ ಕೂತ ಭಾರಕ್ಕೆ ಶಾಕು ಕುಗ್ಗುದು). ಹತ್ಲಿಕ್ಕೆ ಇದೇ ಬೆಸ್ಟ್, ತುಳಿದದ್ದೆಲ್ಲ ಚಕ್ರಕ್ಕೇ ಹೋಗ್ತದೆ. ಇಳಿವಾಗ ಮಾತ್ರ ಪಾದೆ ಮೇಲೆ ಬಿದ್ದಿರುವ ಮುರಕಲ್ಲಿನ ಚೂರಿನಲ್ಲಿ ಹಿಂದಿನ ಚಕ್ರ ಕುಣೀತದೆ, ತಿರುವಲ್ಲಿ ಜಾರ್ತದೆ. ಕೆಳಗೆ ಬಂದು ನೋಡಿದ್ರೆ ರಿಂಗಿನ ಆಚೆ ಇನ್ನೂ 11 ಮಿಮೀ ಬಾಕಿ, ಕಾಸು ಕೊಟ್ಟ ಟ್ರಾವೆಲ್ ಸುಮ್ಮನೆ ಹೋಯ್ತು.

ಆಮೇಲೆ 160, 15 ಮಿಮೀ, 30%. (ಪಂಪು ಬಿಡಿಸುವಾಗ ಬುಸ್ ಅನ್ನುದು ಪೈಪಿನ ಗಾಳಿ, ಶಾಕಿಂದಲ್ಲ, ಹೆದರ್ಬೇಡಿ. ಗಾಳಿ ಹಾಕಿದ ಮೇಲೆ ಹತ್ತು ಸಲ ಒತ್ತಿ ಬಿಟ್ಟೇ ಸ್ಯಾಗ್ ಅಳೀಬೇಕು.) ಒಂದು ಇಳಿತ ವೇಸ್ಟ್ ಆಯ್ತು, ಹತ್ತುವಾಗ ಶಾಕು ಕುಗ್ಗದ ಹಾಗೆ ಲಾಕ್ ಮಾಡಿದ ಲಿವರ್ ತೆಗೀಲಿಕ್ಕೆ ಮರ್ತಿದ್ದೆ. ಪುನಃ ಇಳಿದೆ. ಸುರುವಿಗೆ ಸೋಫಾ ಮಾರಾಯ್ರೆ, ಆದ್ರೆ ಮುರಕಲ್ಲಿನ ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಏಳೆಂಟು ಬರುವಲ್ಲಿ ಮೂರನೇ ಕಲ್ಲಿಂದ 180ಕ್ಕಿಂತಲೂ ಗಟ್ಟಿ! ಶಾಕು ಪೂರ್ತಿ ಕುಗ್ಗಿ ಅಡಿ ತಾಗಿತು ಅಂದ್ಕೊಂಡೆ, ಆದ್ರೆ ರಿಂಗು 6 ಮಿಮೀ ಬಾಕಿ ತೋರಿಸ್ತಿತ್ತು.

ತಪ್ಪು ಗಾಳಿಯದ್ದಲ್ಲ, ರಿಬೌಂಡಿನದ್ದು, ಅಂದ್ರೆ ಕುಗ್ಗಿದ ಶಾಕು ವಾಪಸು ಬರುವ ವೇಗದ್ದು. ಅದರ ತಿರುಗಣೆಯನ್ನ 180ಕ್ಕೆ ಇಟ್ಟಿದ್ದ ಕ್ಲಿಕ್ಕಲ್ಲೇ ಬಿಟ್ಟಿದ್ದೆ, ಗಾಳಿ ಕಡಿಮೆಯಾದ್ರೆ ವಾಪಸು ದೂಡುವ ಬಲವೂ ಕಡಿಮೆ, ಶಾಕು ಮೇಲೆ ಬರುವ ಮೊದಲೇ ಮುಂದಿನ ಕಲ್ಲು, ಹಾಗೆ ಕುಗ್ಗಿ ಕುಗ್ಗಿ ಕೆಳಗೇ ಕೂತುಬಿಡ್ತದೆ. ಪೂರ್ತಿ ಮುಚ್ಚಿದಲ್ಲಿಂದ 4ನೇ ಕ್ಲಿಕ್ಕಲ್ಲಿದ್ದದ್ದನ್ನ 6ಕ್ಕೆ ತಂದೆ, ವಾಪಸು ಬರುವ ವೇಗ ಜಾಸ್ತಿಯಾಯ್ತು, ಅದೇ ಮೆಟ್ಟಿಲಲ್ಲಿ ಚಕ್ರ ನೆಲ ಬಿಡ್ಲೇ ಇಲ್ಲ. ಆಸೆಯಾಗಿ 8ಕ್ಕೆ ತಿರುಗಿಸಿದ್ರೆ ಸೀಟು ಹಿಂದಿಂದ ಒದ್ದ ಹಾಗೆ ಆಗಿ ಪೊದೆಗೆ ಹೋಗುದು ಸ್ವಲ್ಪದ್ರಲ್ಲಿ ತಪ್ಪಿತು.

ಗಾಳಿಯ ಜಾಗ ಕಡಿಮೆ ಮಾಡುವ ತುಂಡು, ಸ್ಪೇಸರ್, ಒಂದು ಶಾಕಿನ ಒಳಗೆ ಹಾಕಿ ಇನ್ನೊಂದು ದಿನ ನೋಡಿದೆ, ಕೊನೆಯ ಸ್ವಲ್ಪ ಸ್ಟ್ರೋಕ್ ಮಾತ್ರ ಗಟ್ಟಿಯಾಗ್ತದೆ, ಹಾರುವವರಿಗಾದ್ರೆ ಸರಿ, ನಂಗೆ ಬೇಡ ಅಂತ ತೆಗ್ದೆ.

ಈಗ 160, 6ನೇ ಕ್ಲಿಕ್, ಲಿವರ್ ಓಪನ್, ಧರ್ಮತ್ತಡ್ಕದಿಂದ ಟಾರ್ ರೋಡ್ ಹತ್ತುವಾಗ ಮಾತ್ರ ಲಾಕ್. ಮಳೆ ಬಿದ್ದು ಪಾದೆಗೆ ಪಾಚಿ ಕಟ್ಟಿದ ಮೇಲೆ 155 ನೋಡುವ ಅಂತ ಉಂಟು, ಆದ್ರೆ ಸ್ಕೇಲು ಹಿಡೀಲಿಕ್ಕೆ ಜನ ಇಲ್ಲ, ಭಾವನಿಗೆ ಆಗ ಅಡಿಕೆಗೆ ಮದ್ದು ಬಿಡುವ ಗೌಜಿ.