ಹಿಪ್ಪಲಿ ಸಸಿ: ಕೊಡಗಿನ ತೋಟಕ್ಕೆ ವಿಶ್ವಂ ಸರಿಯೋ, ಕಾಡಿನ ಬಳ್ಳಿಯೋ?

ಹಿಪ್ಪಲಿ ಬೇಕೆಂದು ನರ್ಸರಿಗೆ ಹೋದರೆ ಮೂರು ಬಗೆಯ ಗಿಡ ಕೈಗೆ ಬರಬಹುದು. ಅದರಲ್ಲಿ ಒಂದನ್ನು ಈಗಲೇ ಬದಿಗಿಡಿ. ಕಾಳುಮೆಣಸಿನ ಕಸಿಗೆ ಬುಡವಾಗಿ ಬಳಸುವ ಬ್ರೆಜಿಲ್ ಹಿಪ್ಪಲಿ ನೆಟ್ಟಗೆ ಪೊದೆಯಾಗಿ ಏಳುವ ಗಿಡ. ಸೊರಗು ರೋಗ ತಡೆಯಲು ಅದು ಒಳ್ಳೆಯದೇ, ಆದರೆ ಮದ್ದಿಗೆ ಬೇಕಾದ ತೆನೆ ಅದರದ್ದಲ್ಲ.

ಉಳಿದವು ಎರಡು: ಕೇರಳ ಕೃಷಿ ವಿಶ್ವವಿದ್ಯಾಲಯದ ವಿಶ್ವಂ ತಳಿ ಮತ್ತು ಕಾಡಂಚಿನಿಂದ ತಂದು ಬೇರು ಬರಿಸಿದ ನಾಟಿ ಬಳ್ಳಿ. ನಾಟಿ ಬಳ್ಳಿ ನೆಲ ಹಿಡಿದು ಚೆನ್ನಾಗಿ ಹಬ್ಬುತ್ತದೆ, ಆದರೆ ತೆನೆ ಸಣ್ಣದು, ಅಲ್ಲೊಂದು ಇಲ್ಲೊಂದು. ವಿಶ್ವಂ ತೆನೆ ಗಿಡ್ಡ, ದಪ್ಪ, ಸಂಖ್ಯೆಯೂ ಹೆಚ್ಚು. ಮಾರಾಟಕ್ಕೆ ಬೆಳೆಯುವವರು ಇದನ್ನೇ ಕೊಳ್ಳಲಿ. ಹಿತ್ತಲಿನ ಕಷಾಯಕ್ಕಾದರೆ ನಾಟಿಯೇ ಸಾಕು.

ನಾಟಿ ಸಸಿಯ ದೊಡ್ಡ ತಾಪತ್ರಯ ಬೇರೆ. ಹಿಪ್ಪಲಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಗಂಡು ತೆನೆ ಸಪೂರ, ಉದ್ದ. ಕಾಯಿ ಕಟ್ಟುವುದೇ ಇಲ್ಲ. ಚೀಲದಲ್ಲಿರುವ ಎಳೆ ಸಸಿ ನೋಡಿ ಇದನ್ನು ಹೇಳಲಾಗದು. ಆದ್ದರಿಂದ ತೆನೆ ಬಿಟ್ಟ ತಾಯಿಬಳ್ಳಿಯನ್ನು ತೋರಿಸದ ಕಡೆ, ಅಗ್ಗವಾದರೂ ಕೊಳ್ಳಬೇಡಿ. ಮೂರರಿಂದ ಐದು ಗಿಣ್ಣಿನ, ಮಾರ್ಚ್–ಏಪ್ರಿಲ್‌ನಲ್ಲಿ ಚೀಲಕ್ಕೆ ಹಾಕಿದ ಸಸಿ ಮುಂಗಾರು ಶುರುವಾಗುವಾಗ ನಾಟಿಗೆ ಸಿದ್ಧ. 60 ಸೆಂ.ಮೀ. ಅಂತರ ಕೊಟ್ಟರೆ ಸೆಂಟಿಗೆ ಸುಮಾರು 110 ಸಸಿ ಹಿಡಿಯುತ್ತದೆ.

ವಿಶ್ವಂ ಕೊಂಡು ಬೇಸರಪಡುವವರ ತೋಟದಲ್ಲಿ ಹೆಚ್ಚಾಗಿ ತಪ್ಪಿರುವುದು ನೆರಳು. ಇದಕ್ಕೆ ಬೇಕಾದ್ದು 20–25% ನೆರಳು ಮಾತ್ರ. ಒತ್ತಾದ ರೊಬಸ್ಟಾ ಕಾಫಿ ಗಿಡಗಳ ಅಡಿಯಲ್ಲಿ ಎಲೆ ಸೊಂಪಾಗಿರುತ್ತದೆ, ತೆನೆ ಇರುವುದಿಲ್ಲ. ಅಡಿಕೆ ಸಾಲಿನ ನಡುವೆ ಅಥವಾ ತೋಟದ ಅಂಚಿನಲ್ಲಿ ಏರುಮಡಿ ಮಾಡಿ ನೆಡಿ. ನೀರು ನಿಂತರೆ ಜುಲೈ ಮಳೆಗೆ ಎಲೆ, ಬಳ್ಳಿ ಎರಡೂ ಕೊಳೆಯುತ್ತವೆ; ಇದರಲ್ಲಿ ಯಾವ ತಳಿಗೂ ರಿಯಾಯಿತಿ ಇಲ್ಲ. ಮಳೆಗೆ ಮೊದಲೇ ಕೊಳೆರೋಗ ತಡೆಯುವ 1% ಬೋರ್ಡೋ ದ್ರಾವಣ ಸಿಂಪಡಿಸಿ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಅಲ್ಲ. ದ್ರಾವಣದಲ್ಲಿ ಕಬ್ಬಿಣದ ಬ್ಲೇಡು ಅದ್ದಿ ನೋಡಿ, ಕೆಂಪಾದರೆ ಸುಣ್ಣ ಸಾಲದು. ಬೇಸಿಗೆಯಲ್ಲಿ ಬೇರಿಗೆ ಹಿಟ್ಟು ತಿಗಣೆ ಹತ್ತುತ್ತದೆ, ಬಳ್ಳಿ ಬಾಡಿದರೆ ಬುಡ ಬಿಡಿಸಿ ನೋಡಿ.

ನೆಟ್ಟು ಆರು ತಿಂಗಳಿಗೆ ತೆನೆ ಬರಲು ಶುರು, ಅಲ್ಲಿಂದ ಸುಮಾರು ಎರಡು ತಿಂಗಳಿಗೆ ಕೊಯ್ಲು. ಕಡುಹಸಿರು ಕಪ್ಪಿಗೆ ತಿರುಗುವಾಗಲೇ ಕೀಳಬೇಕು, ಹಣ್ಣಾದರೆ ಖಾರ ಇಳಿಯುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೇ ಇದೂ ಬರುವುದರಿಂದ ಆಳು ಸಿಗುವುದು ಕಷ್ಟ, ಕಣವೂ ಖಾಲಿ ಇರುವುದಿಲ್ಲ. ಆಳು ನೆಚ್ಚಿಕೊಂಡು ದೊಡ್ಡ ಜಾಗಕ್ಕೆ ಹಾಕುವ ಮುನ್ನ ಇದನ್ನು ಲೆಕ್ಕ ಹಾಕಿ. 10 ಕೆ.ಜಿ. ಹಸಿ ತೆನೆ ಒಣಗಿದರೆ ಸುಮಾರು ಒಂದೂವರೆ ಕೆ.ಜಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು, ಬುಡಕ್ಕೆ ತರಗೆಲೆ ಇಲ್ಲದಿದ್ದರೆ ಮುಂದಿನ ತೆನೆಗಳ ಆಸೆ ಬಿಡಿ.

ಇಳುವರಿ ಮೂರನೇ ವರ್ಷದವರೆಗೆ ಏರುತ್ತದೆ, ಆಮೇಲೆ ಇಳಿಮುಖ. ಆಗ ಬಳ್ಳಿ ಕಿತ್ತು, ದಪ್ಪ ಬೇರು ಮತ್ತು ಬುಡದ ಕಾಂಡವನ್ನು ತೊಳೆದು, ತುಂಡರಿಸಿ ಒಣಗಿಸಿದರೆ ಹಿಪ್ಪಲಿ ಮೂಲವೆಂದು ಬೇರೆಯೇ ಮಾರಾಟವಾಗುತ್ತದೆ. ದಪ್ಪ ತುಂಡು, ಸಣ್ಣ ತುಂಡು ಬೆರೆಸದೆ ಬೇರೆ ಬೇರೆ ಚೀಲಕ್ಕೆ ತುಂಬಿ.