ಗಾನ್ ಗರ್ಲ್, ದಿ ಗರ್ಲ್ ಆನ್ ದಿ ಟ್ರೇನ್: ಎರಡನೇ ಓದಿಗೆ ಯಾವುದು ನಿಲ್ಲುತ್ತದೆ?

ಎರಡೂ ಥ್ರಿಲ್ಲರ್ ಕಾದಂಬರಿಗಳು. ಎರಡರಲ್ಲೂ ಒಬ್ಬ ಹೆಂಗಸು ಕಾಣೆಯಾಗುತ್ತಾಳೆ. ಎರಡರಲ್ಲೂ ಗಂಡನ ಮೇಲೆ ಅನುಮಾನ. ಎರಡರಲ್ಲೂ ಕಥೆ ಹೇಳುವವರನ್ನು ಪೂರ್ತಿ ನಂಬುವ ಹಾಗಿಲ್ಲ. ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ 2012ರದ್ದು, ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೇನ್’ 2015ರದ್ದು. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡದವರೇ ಕಡಿಮೆ. ನಾನು ಹೋಲಿಸಿದ್ದು ಎರಡನೇ ಓದಿನಲ್ಲಿ. ಕೊನೆ ಗೊತ್ತಿದ್ದೂ ಪುಸ್ತಕ ಕೆಳಗಿಡಲು ಮನಸ್ಸು ಬರದಿದ್ದರೆ ಅದರಲ್ಲಿ ಟ್ವಿಸ್ಟಿಗಿಂತ ಜಾಸ್ತಿ ಏನೋ ಇದೆ, ಅಲ್ವಾ? (ಗುಟ್ಟು ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ.)

‘ಟ್ರೇನ್’ ಶುರುವಾಗುವ ರೀತಿ ಸೊಗಸು. ರೇಚಲ್ ಕೆಲಸ ಕಳೆದುಕೊಂಡಿದ್ದಾಳೆ. ಆದರೂ ಜೊತೆಗಿರುವವಳಿಗೆ ಗೊತ್ತಾಗಬಾರದು ಅಂತ ದಿನಾ ಲಂಡನ್ ರೈಲು ಹತ್ತುತ್ತಾಳೆ. ಕಿಟಕಿಯಿಂದ ಕಾಣುವ ಒಂದು ಮನೆಯ ಗಂಡ ಹೆಂಡತಿಗೆ ತಾನೇ ಹೆಸರಿಟ್ಟು, ಅವರ ಸುಖಸಂಸಾರವನ್ನೂ ತಾನೇ ಕಟ್ಟಿಕೊಳ್ಳುತ್ತಾಳೆ. ಆ ಮನೆಯ ಹೆಂಗಸು ಕಾಣೆಯಾದ ರಾತ್ರಿ ಏನಾಯಿತೆಂಬ ನೆನಪೇ ಕುಡಿತದಿಂದ ರೇಚಲ್‌ಗೆ ಇಲ್ಲ. ಅವಳು ನಮಗೆ ಮೋಸ ಮಾಡುತ್ತಿಲ್ಲ, ಅವಳಿಗೇ ನಿಜ ಗೊತ್ತಿಲ್ಲ. ಎರಡನೇ ಸಲವೂ ಇವಳ ಭಾಗ ನನ್ನನ್ನು ಹಿಡಿದಿಟ್ಟಿತು. ಕೊಲೆಯ ಕಥೆ ಹಿಡಿಯಲಿಲ್ಲ. ಬೇಕಾದ ಹೊತ್ತಿಗೆ ಬೇಕಾದಷ್ಟೇ ನೆನಪು ಮರಳುತ್ತದೆ. ಅನುಮಾನಿಸಲು ಇರುವವರೂ ಕೆಲವೇ ಜನ. ಇನ್ನು ಕಥೆ ಹೇಳುವ ರೇಚಲ್, ಆನಾ, ಮೇಗನ್ ಮೂವರ ದನಿಯೂ ಹೆಚ್ಚುಕಮ್ಮಿ ಒಂದೇ. ಯಾರು ಮಾತಾಡುತ್ತಿದ್ದಾರೆ, ಯಾವ ತಾರೀಕು ಅಂತ ಮತ್ತೆ ಮತ್ತೆ ಅಧ್ಯಾಯದ ತಲೆಬರಹಕ್ಕೆ ಹೋಗಬೇಕು.

‘ಗಾನ್ ಗರ್ಲ್’ನಲ್ಲಿ ಆ ಗೊಂದಲವಿಲ್ಲ. ಒಂದು ಅಧ್ಯಾಯ ನಿಕ್, ಒಂದು ಅಧ್ಯಾಯ ಏಮಿ. ಮದುವೆಯಾಗಿ ಐದು ವರ್ಷ ತುಂಬಿದ ದಿನವೇ ಏಮಿ ಕಾಣೆ. ಅವಳ ಡೈರಿಯ ಮೊದಲ ಪುಟಗಳಲ್ಲಿ ಒಂದು ಪ್ರಸಂಗವಿದೆ. ಬೇಕರಿಯ ಹತ್ತಿರ ಗಾಳಿಯಲ್ಲಿ ಸಕ್ಕರೆ ಪುಡಿ ಹಾರುತ್ತಿರುತ್ತದೆ, ನಿಕ್ ಅವಳ ತುಟಿ ಮೇಲಿನ ಸಕ್ಕರೆಯನ್ನು ಬೆರಳಲ್ಲಿ ಒರೆಸುತ್ತಾನೆ. ಮೊದಲ ಸಲ ಓದಿದಾಗ ಎಷ್ಟು ಮುದ್ದಾದ ಜೋಡಿ ಅನಿಸಿತ್ತು. ಎರಡನೇ ಸಲ ಅದೇ ಪುಟದಲ್ಲಿ ಮೈ ಜುಮ್ಮೆಂದಿತು. ಅಕ್ಷರ ಒಂದೂ ಬದಲಾಗಿಲ್ಲ, ಓದುವವರ ಕಿವಿ ಬದಲಾಗಿದೆ. ನಿಕ್ ಕೂಡ ಸಾಚಾ ಅಲ್ಲ. ಪೊಲೀಸರಿಗೆ ಹೇಳಿದ ಸುಳ್ಳುಗಳ ಲೆಕ್ಕವನ್ನು ನಮ್ಮ ಮುಂದೆಯೇ ಇಡುತ್ತಾನೆ! ಅಷ್ಟು ಹೇಳಿಯೂ ಮುಖ್ಯವಾದದ್ದನ್ನು ಮುಚ್ಚಿಡುತ್ತಾನೆ. ಅದು ಎಲ್ಲೆಲ್ಲಿ ಅಂತ ಹುಡುಕುವುದೇ ಎರಡನೇ ಓದಿನ ಮಜಾ.

ಎರಡೂ ಸಿನಿಮಾ ಆದವು. 2014ರ ‘ಗಾನ್ ಗರ್ಲ್’ಗೆ ಫ್ಲಿನ್ ಅವರೇ ಚಿತ್ರಕಥೆ ಬರೆದರು. 2016ರ ‘ಟ್ರೇನ್’ ಕಥೆಯನ್ನು ಲಂಡನ್ನಿಂದ ನ್ಯೂಯಾರ್ಕಿಗೆ ಎತ್ತಿಕೊಂಡು ಹೋಯಿತು, ಸುಮ್ನೆ.

ಫ್ಲಿನ್ ಪುಸ್ತಕದ ಕೊನೆ ಓದಿ ಸಿಟ್ಟಾದವರು ಬಹಳ. ಇಷ್ಟೆಲ್ಲ ಆಗಿ ಹೀಗೆ ಮುಗಿಸೋದಾ ಅನ್ನುತ್ತಾರೆ. ನನಗೆ ಅದೇ ಸರಿ ಅನಿಸುತ್ತದೆ. ನಿಕ್, ಏಮಿ ನಡುವೆ ಇರುವುದು ಪೊಲೀಸರು ಬಂದು ಬಿಡಿಸುವ ಗಂಟಲ್ಲ. ಲೆಕ್ಕ ಚುಕ್ತಾ ಆಗದೆ ಪುಸ್ತಕ ಮುಚ್ಚಿದರೆ ನಿದ್ದೆ ಬರಲ್ಲ ಅನ್ನುವವರೂ ಇದ್ದಾರೆ. ಅಂಥವರಿಗೆ ಹಾಕಿನ್ಸ್ ಪುಸ್ತಕವೇ ವಾಸಿ.